ಶರಣಬಸಮ್ಮನ ಜಾಹೀರಾತು

ಕಾಶಿಯ ಗೋದೌಲಿಯಾ ಚೌಕದಲ್ಲಿ ಆ ಕಾಲಕ್ಕೆ ಎರಡು ರೇಡಿಯೋ ಸ್ಟೇಷನ್‌ಗಳಿದ್ದವು. ಸರ್ಕಾರದ ಆಕಾಶವಾಣಿಯ ಮಾತು ಬೇರೆ. ಅದು ಊರಿನ ಇನ್ನೊಂದು ಮಗ್ಗುಲಲ್ಲಿ ತನ್ನ ಪಾಡಿಗೆ ತಾನಿತ್ತು. ಇವೆರಡನ್ನು ರೇಡಿಯೋ ಎಂದು ಕರೆಯುತ್ತಿದ್ದವರು ಅವುಗಳ ಮಾಲೀಕರು, ಆಮೇಲೆ ರೂಢಿಯಿಂದ ಬಜಾರಿನ ಜನ. ನಿಜಕ್ಕೂ ಇದ್ದದ್ದು ಒಂದೊಂದು ಕೋಣೆ, ಒಂದೊಂದು ಮೈಕು, ಒಂದೊಂದು ಟೇಪ್‌ರೆಕಾರ್ಡರ್, ಅಲ್ಲಿಂದ ಅಂಗಡಿಗಳ ನೆತ್ತಿಯ ಮೇಲೆ ಹಾದುಹೋಗುವ ತಂತಿ, ತಂತಿ ಹೋದಲ್ಲೆಲ್ಲ ಕಂಬಕ್ಕೆ ಕಟ್ಟಿದ, ಅಲ್ಲಿಯವರು ಭೋಂಪು ಎನ್ನುವ ತಗಡಿನ ಧ್ವನಿವರ್ಧಕ. ದಾರಿ ತಪ್ಪಿದ ಯಾತ್ರಿಕರ ಹೆಸರು ಕೂಗಲೆಂದು ನಗರಸಭೆಯವರು ಅನುಮತಿ ಕೊಟ್ಟಿದ್ದರು. ಯಾತ್ರಿಕರು ದಾರಿ ತಪ್ಪದೇ ಇರುವ ಹೊತ್ತಿನಲ್ಲಿ ಜಾಹೀರಾತು ಕೂಗಬಾರದೆಂದು ಅವರು ಹೇಳಿರಲಿಲ್ಲ.

ರಸ್ತೆಯ ಈಚೆಯದು ಓಂಕಾರ್‌ನ ‘ಕಾಶಿ ವಾಣಿ’. ಆಚೆಯದು ಲಲ್ಲನ್ ಚೌರಸಿಯಾನ ‘ಗಂಗಾ ಧ್ವನಿ’. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಫೇಲಾದವರು. ಓಂಕಾರ್ ಮುಂಜಾನೆ ಭಜನೆ ಹಾಕಿದರೆ ಲಲ್ಲನ್ ಎರಡು ಭಜನೆ ಹಾಕುತ್ತಿದ್ದ. ಲಲ್ಲನ್ ಕ್ರಿಕೆಟ್ ದಿನ ಮೈಕಿನ ಮುಂದೆ ಟ್ರಾನ್ಸಿಸ್ಟರ್ ಇಟ್ಟು ಕಾಮೆಂಟರಿ ಕೇಳಿಸಿದರೆ, ಓಂಕಾರ್ ಅದನ್ನೇ ಕೇಳಿಸಿಕೊಂಡು ಬನಾರಸಿ ಹಿಂದಿಯಲ್ಲಿ ಬೈಗುಳ ಸಮೇತ ಮತ್ತೆ ಹೇಳುತ್ತಿದ್ದ. ಒಬ್ಬ ದನಿ ಏರಿಸಿದರೆ ಇನ್ನೊಬ್ಬ ಭೋಂಪು ಹೆಚ್ಚಿಸುತ್ತಿದ್ದ. ಕೊನೆಗೆ ನಡು ಚೌಕದಲ್ಲಿ ನಿಂತವನಿಗೆ ಎರಡೂ ಕಿವಿಗಳಲ್ಲಿ ಬೇರೆ ಬೇರೆ ಜಾಹೀರಾತು ಬಿದ್ದು, ಓಂಕಾರ್‌ನ ಹಲ್ಲುಪುಡಿಯಿಂದ ಲಲ್ಲನ್‌ನ ಚಪ್ಪಲಿಗಳು ಮುತ್ತಿನಂತೆ ಹೊಳೆಯುತ್ತವೆ ಎಂದು ಅರ್ಥವಾಗುತ್ತಿತ್ತು.

ಹೀಗಿರುವಾಗ ತೊಂಬತ್ಮೂರನೇ ಇಸವಿಯ ಕಾರ್ತಿಕ ಮಾಸದ ಒಂದು ಬೆಳಿಗ್ಗೆ, ಹರಪನಹಳ್ಳಿ ಕಡೆಯ ಯಾತ್ರಿಕರ ಗುಂಪಿನಿಂದ ಗಂಗಮ್ಮ ಎಂಬ ಮುದುಕಿ ತಪ್ಪಿಸಿಕೊಂಡಳು. ಓಂಕಾರ್ ಹಿಂದಿಯಲ್ಲಿ ಕೂಗಿದ, ಇಂಗ್ಲಿಷಿನಲ್ಲಿ ಕೂಗಿದ, ತನಗೆ ಗೊತ್ತಿದ್ದಷ್ಟು ಬಂಗಾಳಿಯಲ್ಲೂ ಕೂಗಿದ. ಗಂಗಮ್ಮನಿಗೆ ಕನ್ನಡ ಬಿಟ್ಟು ಇನ್ನೊಂದು ಬರದು ಎಂದು ಗುಂಪಿನವರು ಅಳುತ್ತಿದ್ದರು. ಕೊನೆಗೆ ಅವನೇ ಹತ್ತಿರದ ಕನ್ನಡ ಮಠಕ್ಕೆ ಓಡಿದ.

ಮಠದ ಯಾತ್ರಿನಿವಾಸದ ಉಗ್ರಾಣ ನೋಡಿಕೊಳ್ಳುತ್ತಿದ್ದವರು ಕೊಟ್ಟೂರಯ್ಯ. ಬಳ್ಳಾರಿ ಸೀಮೆಯವರು, ಕಾಶಿಗೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಅವರ ದನಿ ಎಷ್ಟು ಮೆತ್ತಗೆಂದರೆ ಅಕ್ಕಿ ಅಳೆಯುವಾಗ ಎಣಿಸಿದ್ದು ಅಕ್ಕಿಗೂ ಕೇಳಿಸುತ್ತಿರಲಿಲ್ಲ. ಮೈಕು ಎಂದ ಕೂಡಲೇ ಅವರು ಎರಡು ಹೆಜ್ಜೆ ಹಿಂದೆ ಸರಿದು ಅಡುಗೆಮನೆಯ ಕಡೆ ನೋಡಿದರು. ಅಲ್ಲಿಂದ ಅವರ ಹೆಂಡತಿ ಶರಣಬಸಮ್ಮ ಕೈಯೊರೆಸಿಕೊಳ್ಳುತ್ತ ಹೊರಗೆ ಬಂದಳು.

“ಏನಾಗ್ಯದ?” ಎಂದಳು. ಹೇಳಿದರು. “ನಡಿ” ಎಂದಳು.

ಮೈಕಿನ ಮುಂದೆ ನಿಂತು ಅದನ್ನು ಒಮ್ಮೆ ಬೆರಳಿನಿಂದ ತಟ್ಟಿ ನೋಡಿ, ಪಕ್ಕದ ಮನೆಯವಳನ್ನು ಕರೆದ ಹಾಗೆ ಕರೆದಳು:

“ಹರಪನಳ್ಳಿ ಗಂಗಮ್ಮಾ, ನಾ ಮಠದ ಶರಣಬಸಮ್ಮ ಮಾತಾಡ್ಲಿಕತ್ತೀನಿ. ನೀ ಎಲ್ಲಿದ್ದಿ ಅಲ್ಲೇ ಕುಂದರು. ತಿರಗಬ್ಯಾಡ. ತಿರಗಿದ್ರ ಇನ್ನಷ್ಟು ದೂರ ಹೋಗ್ತಿ. ಅಳಬ್ಯಾಡ, ಯಾರೂ ನಿನ್ನ ಬಿಟ್ಟು ಊರಿಗೆ ಹೋಗಂಗಿಲ್ಲ. ನಿನ್ನ ತಿಕೀಟು ಅವರ ಕೈಯಾಗ ಐತಿ, ಅವರ ರೊಕ್ಕ ನಿನ್ನ ಸೆರಗಿನ್ಯಾಗ ಐತಿ ಅಂತ ಅವರೇ ಹೇಳ್ಯಾರ. ಕನ್ನಡದೋರು ಯಾರರೆ ಹತ್ರ ಇದ್ರ ಆಕಿ ಕೈ ಹಿಡ್ಕೊಂಡು ಚೌಕಕ್ಕ ಬರ್ರಿ.”

ಗಂಗಮ್ಮ ಅನತಿ ದೂರದ ಕಚೋರಿ ಅಂಗಡಿಯ ಮುಂದೆ ಕೂತಿದ್ದಳು. ಭೋಂಪಿನಿಂದ ತನ್ನ ಹೆಸರು ಬಂದದ್ದು ಕೇಳಿ ಸಾಕ್ಷಾತ್ ಅನ್ನಪೂರ್ಣೆಯೇ ಕರೆದಳೆಂದು ತಿಳಿದು, ಕೈಯಲ್ಲಿದ್ದ ಕಚೋರಿಯನ್ನು ಅಲ್ಲೇ ಬಿಟ್ಟು ಕೈಮುಗಿದು ಕೂತಳಂತೆ. ರಾಯಚೂರಿನ ಇಬ್ಬರು ಅವಳನ್ನು ಕರೆತಂದರು. ಗುಂಪಿನವರೆಲ್ಲ ಶರಣಬಸಮ್ಮನ ಕಾಲಿಗೆ ಬಿದ್ದರು. ಅಂದು ಚೌಕದಲ್ಲಿ ಇನ್ನೂ ನೂರಾರು ಕನ್ನಡದ ಯಾತ್ರಿಕರಿದ್ದರು. ಅವರೆಲ್ಲ ಭೋಂಪಿನ ಕೆಳಗೆ ಬಂದು ಮೇಲೆ ನೋಡುತ್ತ ನಿಂತಿದ್ದನ್ನು ಓಂಕಾರ್ ಕಂಡ. ಅಷ್ಟು ಜನ ಒಟ್ಟಿಗೆ ತನ್ನ ರೇಡಿಯೋ ಕೇಳಿದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಮರುದಿನ ಅವನು ಒಂದು ಬುಟ್ಟಿ ಸೀಬೆಹಣ್ಣು ಹಿಡಿದು ಮಠಕ್ಕೆ ಬಂದ. “ಅಮ್ಮಾಜಿ, ದಿನಾ ಬೆಳಿಗ್ಗೆ ದರ್ಶನ ಮುಗಿಸಿ ನಿಮ್ಮ ಜನ ಬಜಾರಿಗೆ ಬರುತ್ತಾರಲ್ಲ, ಆ ಒಂದು ತಾಸು ನಮ್ಮಲ್ಲಿ ಮಾತಾಡಿ. ಕಳೆದುಹೋದವರನ್ನೂ ಕೂಗಿ, ನಡುನಡುವೆ ನಾನು ಬರೆದುಕೊಟ್ಟ ಜಾಹೀರಾತನ್ನೂ ನಿಮ್ಮ ಭಾಷೆಯಲ್ಲಿ ಹೇಳಿ” ಎಂದ. ಶರಣಬಸಮ್ಮ ಗಂಡನ ಕಡೆ ನೋಡಿದಳು. ಕೊಟ್ಟೂರಯ್ಯ ಏನೋ ಅಂದರು. ಯಾರಿಗೂ ಕೇಳಿಸಲಿಲ್ಲವಾದ್ದರಿಂದ ಒಪ್ಪಿಗೆಯೆಂದೇ ಎಲ್ಲರೂ ತಿಳಿದರು.

ಮೊದಲ ಜಾಹೀರಾತು ಕಮಲಾದೇವಿಯ ಸೀರೆ ಅಂಗಡಿಯದು. ಗಂಡ ತೀರಿದ ಮೇಲೆ ಅಂಗಡಿಯನ್ನು ತಾನೇ ನಡೆಸುತ್ತಿದ್ದ ಹೆಂಗಸು ಅವಳು. ಬಿಳಿ ಹಾಸಿನ ಗಾದಿಯ ಮೇಲೆ ಪಾನ್ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಕೂತರೆ ಇಬ್ಬರು ಮೀಸೆ ಬಂದ ಗಂಡುಮಕ್ಕಳು ಉಸಿರು ಬಿಡಲೂ ಅವಳ ಮುಖ ನೋಡುತ್ತಿದ್ದರು. ಅವಳು ಹಣ ಕೊಟ್ಟು ಬರೆಸಿದ ಜಾಹೀರಾತು ಹೀಗಿತ್ತು: “ಅಪ್ಪಟ ಬನಾರಸಿ ರೇಷ್ಮೆ. ಅಸಲಿ ಜರಿ. ಒಂದೇ ಮಾತು, ಒಂದೇ ದರ. ಕಮಲಾ ಸಾಡಿ ಭಂಡಾರ.”

ಶರಣಬಸಮ್ಮನಿಗೆ ಹಿಂದಿ ಚೆನ್ನಾಗಿಯೇ ಬರುತ್ತಿತ್ತು. ಚೀಟಿಯನ್ನು ಎರಡು ಸಲ ಓದಿಸಿ ಕೇಳಿದಳು. ಅವಳ ಮನಸ್ಸಿಗೆ ಅದು ಬರಲಿಲ್ಲ. ಇಪ್ಪತ್ತು ವರ್ಷಗಳಿಂದ ಯಾತ್ರಿನಿವಾಸದ ಅಂಗಳದಲ್ಲಿ ಹೆಂಗಸರು ಕೊಂಡುತಂದ ಸೀರೆ ಬಿಚ್ಚಿ ಅಳುವುದನ್ನು ಅವಳು ನೋಡಿದ್ದಳು. ಆದರೂ ಆ ಸಾಲಿನಲ್ಲಿ ಇದ್ದುದರಲ್ಲೇ ವಾಸಿ ಕಮಲಾದೇವಿಯ ಅಂಗಡಿ ಎಂಬುದೂ ಅವಳಿಗೆ ಗೊತ್ತಿತ್ತು. ಹಾಗಾಗಿ ತನಗೆ ತಿಳಿದಂತೆ ಹೇಳಿದಳು.

“ತಂಗಿಗೋಳಾ, ಸೀರಿ ತಗೊಳ್ಳೋರು ಕಮಲಾದೇವಿ ಅಂಗಡಿಗೆ ಹೋಗ್ರಿ. ಸೀರಿ ಕೈಗೆ ಬಂದ ಕೂಡ್ಲೆ ಬೀದಿಗೆ ತಂದು ಬಿಸಲಿಗೆ ಹಿಡ್ರಿ, ಒಳಗಿನ ದೀಪ ನಂಬಬ್ಯಾಡ್ರಿ. ಅವರು ಎಷ್ಟು ಹೇಳ್ತಾರೋ ಅದರಾಗ ಅರ್ಧ ಕೇಳ್ರಿ. ಸಿಟ್ಟು ಮಾಡ್ತಾರ. ಮಾಡ್ಲಿ. ಎದ್ದು ಬಾಗಲ ತನಕ ಬರ್ರಿ, ಮತ್ತ ಕರೀತಾರ. ಕುಡ್ಯಾಕ ನೀರು ಕೇಳ್ರಿ, ಕೊಡ್ತಾರ. ಇನ್ನೊಂದು ಮಾತು. ಅಲ್ಲೇ ಮೆಟ್ಲ ಹತ್ತಿ ಎಡಕ್ಕ ತಿರಗಿದ್ರ ಪಾಯಖಾನಿ ಐತಿ. ಸ್ವಚ್ಛ ಐತಿ. ಗೋದೌಲಿಯಾದಾಗ ಹೆಂಗಸರಿಗೆ ಬ್ಯಾರೆ ಎಲ್ಲೂ ಇಲ್ಲ.”

ಓಂಕಾರ್ ಪಕ್ಕದಲ್ಲಿ ಕೂತು ತಲೆದೂಗುತ್ತಿದ್ದ. ತಾನು ಬರೆದ ಎರಡು ಸಾಲು ಕನ್ನಡದಲ್ಲಿ ಇಷ್ಟುದ್ದ ಆಗುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಸಂಪನ್ನ ಭಾಷೆ ಎಂದುಕೊಂಡ.

ಅರ್ಧ ತಾಸಿನಲ್ಲಿ ಕಮಲಾ ಸಾಡಿ ಭಂಡಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಂದ ಹೆಂಗಸರೆಲ್ಲ ಮೊದಲು ಯಾರನ್ನೂ ಕೇಳದೆ ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿದರು. ಹತ್ತು ನಿಮಿಷದ ಮೇಲೆ ಸಮಾಧಾನದ ಮುಖ ಹೊತ್ತು ಕೆಳಗಿಳಿದು ನೀರು ಕೇಳಿದರು. ನೀರು ಕುಡಿದು ಸೀರೆ ಕೇಳಿದರು. ಸೀರೆ ಹಿಡಿದು ಬೀದಿಗೆ ಹೋದರು. ಕಳ್ಳತನವೆಂದು ಹೌಹಾರಿದ ಹಿರಿಯ ಮಗ ಬೆನ್ನಟ್ಟಿದರೆ, ಅವರು ಬಿಸಿಲಲ್ಲಿ ಜರಿ ನೋಡಿ ತಾವೇ ವಾಪಸು ಬಂದು ಕೂತರು. ಬೆಲೆ ಕೇಳಿದರು, ಅರ್ಧ ಹೇಳಿದರು, ಎದ್ದರು, ಬಾಗಿಲ ತನಕ ನಡೆದು ಅಲ್ಲಿ ತಿರುಗಿ ನಿಂತು ಕರೆಯುವುದನ್ನೇ ಕಾಯತೊಡಗಿದರು. ಒಬ್ಬಳಲ್ಲ, ಎಲ್ಲರೂ. ಬಾಗಿಲಲ್ಲಿ ಸಾಲು ಬೆಳೆಯಿತು.

“ಅಮ್ಮಾ, ಇವರೇನು ಮಾಡುತ್ತಿದ್ದಾರೆ?” ಎಂದು ಕಿರಿಯ ಮಗ ಪಿಸುಗುಟ್ಟಿದ.

“ಅವರ ಕಡೆಯ ಸಂಪ್ರದಾಯ ಇರಬೇಕು. ಕರೆ, ಎಲ್ಲರನ್ನೂ ಕರೆ” ಎಂದಳು ಕಮಲಾದೇವಿ.

ಅಂದಿನಿಂದ ದಿನವೂ ಅದೇ ಆಯಿತು. ಅರ್ಧಕ್ಕೆ ಮಾರಿದರೂ ಮಾರಾಟ ನಾಲ್ಕು ಪಟ್ಟು. ಕಮಲಾದೇವಿ ಜಾಹೀರಾತನ್ನು ಇಡೀ ಚಳಿಗಾಲಕ್ಕೆ ಹೇಳಿಟ್ಟಳು. ಕರ್ನಾಟಕದವರಷ್ಟು ಶಿಸ್ತಿನ ಜನ ಭರತಖಂಡದಲ್ಲಿಲ್ಲ ಎಂದು ಬಂದವರಿಗೆಲ್ಲ ಹೇಳತೊಡಗಿದಳು. ಅವಳನ್ನು ನೋಡಿ ಪಕ್ಕದ ತಾಮ್ರದ ಚೊಂಬಿನವನೂ ರುದ್ರಾಕ್ಷಿಯವನೂ ಲಲ್ಲನ್‌ನನ್ನು ಬಿಟ್ಟು ಓಂಕಾರ್‌ನ ಹತ್ತಿರ ಬಂದರು. ಶರಣಬಸಮ್ಮ ಅವರ ಸಾಮಾನನ್ನೂ ನೋಡಿದಂತೆ ಹೇಳಿದಳು. ಚೊಂಬಿನ ತಳ ತಟ್ಟಿ ನೋಡ್ರಿ ಎಂದಳು. ರುದ್ರಾಕ್ಷಿಯವನ ಹತ್ತಿರ ಐದು ಮುಖದ್ದು ಬಿಟ್ಟು ಬೇರೆ ತಗೋಬ್ಯಾಡ್ರಿ, ಉಳಿದ ಮುಖ ಎಲ್ಲ ಅವನೇ ಕೆತ್ತತಾನ ಎಂದಳು. ಐದು ಮುಖದ್ದು ಎರಡೇ ದಿನದಲ್ಲಿ ಖಾಲಿಯಾಯಿತು.

ಲಲ್ಲನ್‌ಗೆ ನಿದ್ದೆ ಹತ್ತಲಿಲ್ಲ. ವರ್ತಕರ ಸಭೆಯಲ್ಲಿ ಎದ್ದು ನಿಂತು, “ಜನ ಅವನ ರೇಡಿಯೋ ಕೇಳುತ್ತಾರೆಂದು ನಿಮಗೆ ಯಾರು ಹೇಳಿದರು? ಯಾರಾದರೂ ಲೆಕ್ಕ ಮಾಡಿದ್ದಾರಾ? ದೊಡ್ಡ ಊರುಗಳಲ್ಲಿ ಎಷ್ಟು ಜನ ಯಾವುದನ್ನು ಕೇಳುತ್ತಾರೆಂದು ಅಳೆದು ಆಮೇಲೆ ಜಾಹೀರಾತು ಕೊಡುತ್ತಾರೆ. ನಾವೂ ಅಳೆಯೋಣ” ಎಂದ. ವರ್ತಕರಿಗೆ ಈ ಮಾತು ಹಿಡಿಸಿತು. ಅಳೆಯುವವರು ಯಾರು? ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಗುರುಪ್ರಕಾಶ ಎಂಬುವರ ಹೆಸರು ಬಂತು. ಅವರು ದಾವಣಗೆರೆಯವರು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ದಾವಣಗೆರೆ ಯಾವ ಕಡೆಗಿದೆ ಎಂದು ಗೊತ್ತಿರಲಿಲ್ಲ.

ಗುರುಪ್ರಕಾಶ ತುಂಬ ಗಂಭೀರ ಮನುಷ್ಯ. ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸವಾಯಿತೆಂದು ಒಪ್ಪಿಕೊಂಡು, ಅವರನ್ನು ಗೋದೌಲಿಯಾದ ಮೂಲೆಮೂಲೆಯಲ್ಲಿ ನಿಲ್ಲಿಸಿ, ಹಾದುಹೋಗುವವರಿಗೆ ‘ಈಗ ಭೋಂಪಿನಲ್ಲಿ ಏನು ಬಂತು, ಯಾವ ಸ್ಟೇಷನ್ನಿನಿಂದ ಬಂತು’ ಎಂದು ಕೇಳಿಸಿದರು. ಉತ್ತರಗಳು ವಿಚಿತ್ರವಾಗಿ ಬಂದವು. ಹೆಚ್ಚಿನವರಿಗೆ ಯಾವ ಜಾಹೀರಾತೂ ನೆನಪಿರಲಿಲ್ಲ. ಭೋಂಪಿನ ನೇರ ಕೆಳಗೆ ಅಂಗಡಿಯಿಟ್ಟಿದ್ದ ಪಾನ್‌ವಾಲಾ “ಯಾವ ಭೋಂಪು?” ಎಂದು ಕೇಳಿ, ಪ್ರಶ್ನೆ ಕೇಳಿಸಲೆಂದು ಕಿವಿಯಿಂದ ಹತ್ತಿ ತೆಗೆದ. ಆದರೆ ಹತ್ತರಲ್ಲಿ ಏಳು ಮಂದಿ ಒಂದು ವಿಷಯ ತಪ್ಪದೆ ಹೇಳಿದರು: ಬೆಳಿಗ್ಗೆ ಒಬ್ಬ ಮಾತಾಜಿ ದಕ್ಷಿಣದ ಸ್ತೋತ್ರ ಹೇಳುತ್ತಾರೆ. ಬಹಳ ಶಕ್ತಿಯುಳ್ಳ ಸ್ತೋತ್ರ.

“ಅರ್ಥ ಗೊತ್ತೇನು?” ಎಂದು ಒಬ್ಬ ಸೈಕಲ್ ರಿಕ್ಷಾದವನನ್ನು ಕೇಳಿದರು.

“ಅರ್ಥ ಯಾಕೆ ಬೇಕು ಬಾಬೂ? ಕೇಳಿದರೆ ಬೆನ್ನುನೋವು ಇಳಿಯುತ್ತದೆ.”

ಗುರುಪ್ರಕಾಶರು ಇದನ್ನು ಪರೀಕ್ಷಿಸಲು ತಾವೇ ಚೌಕದಲ್ಲಿ ನಿಂತರು. ಅವರ ಪಕ್ಕದಲ್ಲಿ ಹಣೆತುಂಬ ಗಂಧ ಹಚ್ಚಿದ ಪಂಡಿತರೊಬ್ಬರು ಕಣ್ಣುಮುಚ್ಚಿ ಕೈಮುಗಿದು ನಿಂತಿದ್ದರು. ಮೇಲಿನಿಂದ ಶರಣಬಸಮ್ಮನ ಕಂಚಿನ ದನಿ ಇಳಿಯಿತು: “ಮೆಟ್ಲ ಹತ್ತಿ ಎಡಕ್ಕ ತಿರಗ್ರಿ. ಬಲಕ್ಕ ತಿರಗಬ್ಯಾಡ್ರಿ, ಅಲ್ಲಿ ಅವರ ದೇವರಮನಿ ಐತಿ. ನಿನ್ನೆ ಒಬ್ಬಾಕಿ ಅವಸರದಾಗ ತಪ್ಪಿ ಹೋಗಿದ್ಲು.”

“ಶಂಭೋ” ಎಂದರು ಪಂಡಿತರು.

ಗುರುಪ್ರಕಾಶರಿಗೆ ಏನಾಯಿತೋ, ಎದುರಿಗಿದ್ದ ರಿಕ್ಷಾದ ಹಿಡಿಕೆ ಗಟ್ಟಿಯಾಗಿ ಹಿಡಿದುಕೊಂಡು ಬಗ್ಗಿಬಿಟ್ಟರು. ವಿದ್ಯಾರ್ಥಿಗಳು ಸರ್ ಅಳುತ್ತಿದ್ದಾರೆಂದು ಗಾಬರಿಯಾದರು.

ಸಭೆಯಲ್ಲಿ ಅವರು ಫಲಿತಾಂಶ ಹೇಳಿದರು. ಕಾಶಿ ವಾಣಿ ಮುಂದಿದೆ, ಆ ಮುನ್ನಡೆ ಪೂರ್ತಿ ಕನ್ನಡದ ಒಂದು ತಾಸಿನದು. ಲಲ್ಲನ್ ಎದ್ದು, “ಸರ್, ಆ ಹೆಂಗಸು ಅಷ್ಟು ಹೊತ್ತು ಹೇಳುವುದಾದರೂ ಏನು?” ಎಂದ. ಗುರುಪ್ರಕಾಶ ಕನ್ನಡಕ ಒರೆಸಿಕೊಂಡರು. “ಯಾತ್ರಿಕರಿಗೆ ಉಪಯುಕ್ತವಾದ ಮಾಹಿತಿ” ಎಂದರು. ಹೇಳುವಾಗ ನಗು ತಡೆಯಲು ತುಟಿಯನ್ನು ಒಂದು ಪಕ್ಕಕ್ಕೆ ಎಳೆದುಕೊಂಡದ್ದನ್ನು ಲಲ್ಲನ್ ನೋಡಿದ. ಈ ಮೇಷ್ಟರಿಗೆ ಆ ಭಾಷೆ ತಿಳಿಯುತ್ತದೆ ಎಂದು ಅವನಿಗೆ ಹೊಳೆಯಿತು.

ಮರುದಿನ ಅವನು ಶರಣಬಸಮ್ಮನ ಮಾತನ್ನು ಟೇಪು ಮಾಡಿಕೊಂಡು, ವಿಶ್ವವಿದ್ಯಾಲಯದ ಬಳಿಯ ಲಂಕಾ ಎಂಬ ಬಡಾವಣೆಯಲ್ಲಿದ್ದ ಮೇಷ್ಟರ ಮನೆಗೆ ಹೋದ. ಗುರುಪ್ರಕಾಶ ತರಗತಿಗೆ ಹೋಗಿದ್ದರು. ಬಾಗಿಲು ತೆಗೆದವಳು ಅವರ ಹೆಂಡತಿ ವರ್ಷಿಣಿ. ಮದುವೆಯಾಗಿ ಕಾಶಿಗೆ ಬಂದು ಎರಡು ವರ್ಷವಾಗಿತ್ತು. ಕೆಳಗಿನ ಮನೆಯವರೊಡನೆ ಹಿಂದಿ, ತರಕಾರಿಯವನೊಡನೆ ಹಿಂದಿ. ಸಂಜೆ ಗಂಡ ಬಂದಮೇಲೆ ಕನ್ನಡ, ಅದೂ ಅವರು ಪರೀಕ್ಷೆಯ ಪೇಪರು ನೋಡದ ದಿನ ಮಾತ್ರ. ಲಲ್ಲನ್ ವಿನಯದಿಂದ, “ಅಕ್ಕಾಜಿ, ಇದರ ಅರ್ಥ ಹೇಳುತ್ತೀರಾ? ಭಕ್ತಿಯ ವಿಷಯ” ಎಂದು ಟೇಪು ಹಚ್ಚಿದ.

ಮೊದಲ ಮಾತಿಗೇ ವರ್ಷಿಣಿಯ ಮುಖ ಅರಳಿತು. ಎರಡನೆಯದಕ್ಕೆ ಬಾಯಿಗೆ ಸೆರಗು ಅಡ್ಡ ಹಿಡಿದಳು. ಪಾಯಖಾನೆಯ ಹೊತ್ತಿಗೆ ಗೋಡೆಗೊರಗಿ ಕೂತುಬಿಟ್ಟಳು. ಪೂರ್ತಿ ಕೇಳಿ, ಮತ್ತೊಮ್ಮೆ ಹಚ್ಚಿಸಿ ಕೇಳಿ, ಲಲ್ಲನ್‌ಗೆ ಉಪ್ಪಿಟ್ಟು ಕೊಟ್ಟು, ಒಂದೊಂದೇ ವಾಕ್ಯ ಹಿಂದಿಯಲ್ಲಿ ಬಿಡಿಸಿ ಹೇಳಿದಳು. “ಎಷ್ಟು ಚೆನ್ನಾಗಿ ಹೇಳಿದ್ದಾರೆ ನೋಡಿ. ಮೊದಲೇ ಗೊತ್ತಿದ್ದರೆ ನಾನೂ ಹೋದ ವರ್ಷ ಮೋಸ ಹೋಗುತ್ತಿರಲಿಲ್ಲ” ಎಂದಳು. ಲಲ್ಲನ್ ಉಪ್ಪಿಟ್ಟಿನ ತಟ್ಟೆ ಕೆಳಗಿಡದೆಯೇ ಎದ್ದ. “ಟೇಪು ಬಿಟ್ಟು ಹೋಗ್ರಿ” ಎಂದು ಅವಳು ಕನ್ನಡದಲ್ಲೇ ಕೂಗಿದ್ದು ಅವನಿಗೆ ಮೆಟ್ಟಿಲ ಮೇಲೆ ಕೇಳಿಸಿತು.

ಆ ಮಧ್ಯಾಹ್ನ ಗಂಗಾ ಧ್ವನಿ ತನ್ನ ಭೋಂಪುಗಳನ್ನೆಲ್ಲ ತೆರೆದು ವಿಷಯವನ್ನು ಹಿಂದಿಯಲ್ಲಿ ಓದಿತು. ಬಿಸಿಲಿಗೆ ಹಿಡಿಯುವುದು, ಅರ್ಧ ಕೇಳುವುದು, ಬಾಗಿಲಲ್ಲಿ ನಿಲ್ಲುವುದು, ಮೆಟ್ಟಿಲು, ಎಡಕ್ಕೆ ತಿರುಗುವುದು, ರುದ್ರಾಕ್ಷಿ ಕೆತ್ತುವುದು. ಚೌಕ ಗಕ್ಕನೆ ನಿಂತಿತು. ಆಮೇಲೆ ಮೀನಿನ ಸಂತೆಯಂತೆ ನಗು ಎದ್ದಿತು. ಪಾನ್‌ವಾಲಾ ಹತ್ತಿ ತೆಗೆದು ಎಸೆದ. ರುದ್ರಾಕ್ಷಿಯವನು ಅಂಗಡಿಯ ಬಾಗಿಲೆಳೆದುಕೊಂಡ. ಓಂಕಾರ್ ತನ್ನ ಕೋಣೆಯಲ್ಲಿ ಮೇಜಿನ ಕೆಳಗೆ ಏನೋ ಹುಡುಕುವವನಂತೆ ಬಹಳ ಹೊತ್ತು ಬಗ್ಗಿಕೊಂಡೇ ಇದ್ದ. ಸಂಜೆಗೆ ಕಮಲಾದೇವಿಯ ಹಿರಿಯ ಮಗ ಮಠದ ಬಾಗಿಲಿಗೆ ಬಂದು, “ಅಮ್ಮ ಕರೆಯುತ್ತಿದ್ದಾರೆ” ಎಂದ.

“ಹೋಗಬ್ಯಾಡ” ಎಂದರು ಕೊಟ್ಟೂರಯ್ಯ. ಅವರ ದನಿ ಅಂದು ಕೇಳಿಸಿತು.

“ಕರದಾಗ ಹೋಗದಿದ್ರ ತಪ್ಪು ಒಪ್ಪಿಕೊಂಡಂಗ ಆಗ್ತದ. ನಾ ಸುಳ್ಳೇನು ಹೇಳೀನಿ?” ಎಂದು ಶರಣಬಸಮ್ಮ ಸೆರಗು ಹೊದ್ದು ನಡೆದಳು. ಕೊಟ್ಟೂರಯ್ಯ ನಾಲ್ಕು ಮಾರು ಹಿಂದಿನಿಂದ ನಡೆದರು.

ಕಮಲಾದೇವಿ ಗಾದಿಯ ಮೇಲೆ ಕೂತಿದ್ದಳು. ಎದುರಿಗೆ ಕೂರಲು ಹೇಳಿದಳು. ಪಾನ್ ಡಬ್ಬಿ ಮುಂದೆ ಸರಿಸಿದಳು, ಶರಣಬಸಮ್ಮ ಬೇಡವೆಂದಳು.

“ನಾನು ಹಣ ಕೊಟ್ಟಿದ್ದು ಹೊಗಳುವುದಕ್ಕೆ” ಎಂದಳು ಕಮಲಾದೇವಿ.

“ಹೊಗಳಿದ್ದೇನಲ್ಲ. ಇಷ್ಟು ಅಂಗಡಿಯಲ್ಲಿ ನಿಮ್ಮದಕ್ಕೇ ಹೋಗಿ ಎಂದಿದ್ದೇನೆ. ಇದಕ್ಕಿಂತ ಹೊಗಳಿಕೆ ಏನಿದೆ?” ಎಂದಳು ಶರಣಬಸಮ್ಮ ಹಿಂದಿಯಲ್ಲಿ.

“ಪಾಯಖಾನೆಯನ್ನು ಊರಿಗೆಲ್ಲ ಸಾರಿದೆ.”

“ಸ್ವಚ್ಛವಾಗಿದೆ ಎಂದೂ ಸಾರಿದೆ.”

ಕಿರಿಯ ಮಗ ನಗು ತಡೆಯಲಾರದೆ ಗೋಡೆ ಕಡೆ ತಿರುಗಿದ. ಕಮಲಾದೇವಿ ಅವನನ್ನು ಒಮ್ಮೆ ನೋಡಿ, ಮತ್ತೆ ಈ ಕಡೆ ತಿರುಗಿದಳು.

“ಅರ್ಧ ಕೇಳಿ ಎಂದು ಯಾಕೆ ಹೇಳಿದೆ?”

“ಅರ್ಧವೇ ನ್ಯಾಯದ ಬೆಲೆ ಅಂತ.”

ಕಮಲಾದೇವಿ ಪಾನ್ ಅಗಿಯುವುದನ್ನು ನಿಲ್ಲಿಸಿದಳು. ಅವಳ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ, ಕೊನೆಗೆ ನಗು ಬಾಯಿಗೆ ಬಂತು. “ಅಯ್ಯೋ ಪುಣ್ಯಾತ್ಗಿತ್ತಿ, ಇಲ್ಲಿಯವರಿಗೆ ನಾನು ಮೂರರಲ್ಲಿ ಒಂದು ಪಾಲಿಗೆ ಕೊಡುತ್ತೇನೆ. ನಿನ್ನ ಜನ ಮಾತ್ರ ಅರ್ಧಕ್ಕೆ ಬಂದು ನಿಲ್ಲುತ್ತಾರೆ, ಒಂದು ಪೈಸೆ ಕೆಳಗೆ ಇಳಿಯುವುದಿಲ್ಲ. ನಾವು ಮೂವರೂ ಚೌಕಾಸಿ ಮಾಡುವ ಕಷ್ಟವೇ ತಪ್ಪಿತು. ನಿನ್ನನ್ನು ಕರೆಸಿದ್ದು ಬೈಯುವುದಕ್ಕಲ್ಲ, ಮುಂದೆಯೂ ಹಾಗೇ ಹೇಳು ಎನ್ನುವುದಕ್ಕೆ.”

ಶರಣಬಸಮ್ಮ ಎದ್ದು ಬಂದಳು. ದಾರಿಯುದ್ದಕ್ಕೂ ಅವಳಿಗೆ ಕಚೋರಿಯ ವಾಸನೆಯೂ ಗೊತ್ತಾಗಲಿಲ್ಲ, ಗಂಡ ಪಕ್ಕಕ್ಕೆ ಬಂದದ್ದೂ ಗೊತ್ತಾಗಲಿಲ್ಲ. ತನ್ನ ಜನರನ್ನು ಕಾಯುತ್ತಿದ್ದೇನೆಂದು ತಿಳಿದಿದ್ದಳು. ಎಷ್ಟು ಮಂದಿ ಹೆಂಗಸರು ಅವಳ ಮಾತು ನಂಬಿ, ಅರ್ಧಕ್ಕೆ ತಂದೆವೆಂದು ಕುಣಿದಾಡಿಕೊಂಡು ಊರಿಗೆ ಹೋಗಿದ್ದರು. ಮಠಕ್ಕೆ ಬಂದು ಅಂಗಳದಲ್ಲಿ ಕೂತಳು.

“ಅವರು ಅತ್ತು ಹೋಗ್ಲಿಲ್ಲಲ್ಲ” ಎಂದರು ಕೊಟ್ಟೂರಯ್ಯ.

“ಅದಕ್ಕ ನನಗ ಜಾಸ್ತಿ ಸಿಟ್ಟು ಬಂದದ.”

ಮರುದಿನ ಬೆಳಿಗ್ಗೆ ಅವಳು ಮೈಕಿನ ಮುಂದೆ ನಿಂತು, “ತಂಗಿಗೋಳಾ, ನಾ ಅರ್ಧ ಅಂದಿದ್ದು ತಪ್ಪಾತು. ಮೂರರಾಗ ಒಂದು ಪಾಲು ಕೇಳ್ರಿ” ಎಂದಳು. ಕಮಲಾದೇವಿ ಅಂದೇ ಜಾಹೀರಾತು ನಿಲ್ಲಿಸಿದಳು. ನಿಲ್ಲಿಸಿದರೂ ಹೆಂಗಸರು ನಿಲ್ಲಲಿಲ್ಲ, ಪಾಯಖಾನೆ ಇತ್ತಲ್ಲ. ಮೂರರಲ್ಲಿ ಒಂದು ಪಾಲು ಎಂದು ಬಾಗಿಲಲ್ಲಿ ಸಾಲುಗಟ್ಟಿದರು. ಕಮಲಾದೇವಿ ಬೆಲೆಯನ್ನೇ ಏರಿಸಿದಳು. ಶರಣಬಸಮ್ಮ ನಾಲ್ಕರಲ್ಲಿ ಒಂದು ಎಂದಳು. ಒಂದು ವಾರ ಹೀಗೆ ಬೆಲೆ ಏರುವುದೂ ಪಾಲು ಇಳಿಯುವುದೂ ನಡೆದು, ಕೊನೆಗೆ ಒಂದು ಸೀರೆಗೆ ನಿಜವಾದ ಬೆಲೆ ಏನೆಂದು ಮಕ್ಕಳಿಬ್ಬರಿಗೂ ಮರೆತುಹೋಯಿತು.

ಕಡೆಗೆ ಕಮಲಾದೇವಿಯೇ ಮಠದ ಅಂಗಳಕ್ಕೆ ಬಂದಳು. ಜೊತೆಗೆ ಮಗನ ಹೆಗಲ ಮೇಲೆ ಸೀರೆಯ ದೊಡ್ಡ ಗಂಟು. “ನೀನೇ ನೋಡಿ ಬೆಲೆ ಹೇಳು. ಚೀಟಿ ಅಂಟಿಸಿಬಿಡುತ್ತೇನೆ. ಒಂದೇ ದರ. ನನ್ನ ಮಕ್ಕಳು ನಿದ್ದೆಯಲ್ಲೂ ಭಾಗಾಕಾರ ಮಾಡುತ್ತಿದ್ದಾರೆ” ಎಂದಳು. ಇಬ್ಬರೂ ಒಂದು ಮಧ್ಯಾಹ್ನವೆಲ್ಲ ಕೂತು ಒಂದೊಂದು ಸೀರೆಗೂ ಜಗಳವಾಡಿ ಬೆಲೆ ಕಟ್ಟಿದರು. ಕೊಟ್ಟೂರಯ್ಯ ಎರಡು ಸಲ ಚಹಾ ಕೊಟ್ಟರು. ಬೆಳಿಗ್ಗೆ ಶರಣಬಸಮ್ಮ ಸಾರಿದಳು: ಚೀಟಿ ಮೇಲೆ ಇದ್ದದ್ದೇ ಬೆಲೆ, ನಾನೇ ನೋಡೀನಿ, ಚೌಕಾಸಿ ಬ್ಯಾಡ.

ಹೆಂಗಸರು ಬಂದರು, ಮೇಲೆ ಹೋದರು, ನೀರು ಕುಡಿದರು, ಚೀಟಿ ನೋಡಿದರು. ಒಬ್ಬರಿಗೊಬ್ಬರು ಮುಖ ನೋಡಿಕೊಂಡರು. ಆಮೇಲೆ ಎದ್ದು ಪಕ್ಕದ ಅಂಗಡಿಗೆ ಹೋಗಿ, ಎರಡು ತಾಸು ಜಗಳವಾಡಿ, ಇದಕ್ಕಿಂತ ಕೀಳು ಸೀರೆಯನ್ನು ಇದಕ್ಕಿಂತ ಹೆಚ್ಚಿನ ಬೆಲೆಗೆ ಕೊಂಡು ನಗುನಗುತ್ತ ಹೊರಟರು. ಗಜೇಂದ್ರಗಡದ ಒಬ್ಬಳನ್ನು ಶರಣಬಸಮ್ಮ ತಡೆದು ಕೇಳಿದಳು. “ಅಲ್ಲವ್ವ, ಕಾಶಿ ತನಕ ಬಂದು ಚೌಕಾಸಿ ಮಾಡ್ಲಾರದ ಸೀರಿ ತಗೊಂಡು ಹೋದ್ರ ಊರಾಗ ಏನಂತ ಹೇಳ್ಲಿ?” ಎಂದಳು ಅವಳು.

ಆಗ ಇಬ್ಬರೂ ಹಿರಿಯರು ಒಂದು ತೀರ್ಮಾನಕ್ಕೆ ಬಂದರು. ಶರಣಬಸಮ್ಮ ಕಟ್ಟಿದ ಬೆಲೆಗೆ ಸರಿಯಾಗಿ ಎರಡರಷ್ಟನ್ನು ಕಮಲಾದೇವಿ ಹೇಳಬೇಕು; ಅರ್ಧ ಕೇಳ್ರಿ ಎಂದು ಶರಣಬಸಮ್ಮ ಭೋಂಪಿನಲ್ಲಿ ಹೇಳಬೇಕು. ಹಾಗೆ ಮಾಡಿದ ಮೊದಲ ದಿನವೇ ಅಂಗಡಿ ತುಂಬಿತು. ಬಾಗಿಲ ತನಕ ಹೋಗಿ ನಿಂತವರನ್ನು ಮಕ್ಕಳು ಮನಸಾರೆ ಕರೆದರು. ಯಾರಿಗೂ ಮೋಸವಾಗಲಿಲ್ಲ, ಎಲ್ಲರೂ ತಾವೇ ಗೆದ್ದೆವೆಂದುಕೊಂಡರು.

ಇತ್ತ ಲಲ್ಲನ್‌ನ ಹತ್ತಿರ ಉಳಿದಿದ್ದ ವರ್ತಕರು ದಂಗೆಯೆದ್ದರು. ಬಳೆಯವನು ನೇರವಾಗಿ, “ನಮ್ಮನ್ನೂ ಯಾರಾದರೂ ಹಾಗೆ ಬೈಯಬೇಕು. ನೀನು ಹೊಗಳಿ ಹೊಗಳಿ ನಮ್ಮ ವ್ಯಾಪಾರ ಹಾಳಾಯಿತು” ಎಂದ. ಲಲ್ಲನ್ ಮಠಕ್ಕೆ ಬಂದು, ಟೇಪಿನ ಅರ್ಥ ಯಾರಿಂದ ಹೇಳಿಸಿಕೊಂಡೆನೆಂಬುದನ್ನೂ ಒಪ್ಪಿಕೊಂಡು, ತನ್ನಲ್ಲೂ ಮಾತಾಡಿ ಎಂದು ಶರಣಬಸಮ್ಮನಿಗೆ ಕೈಮುಗಿದ.

“ನಾನು ಓಂಕಾರ್‌ನ ಸೀಬೆಹಣ್ಣು ತಿಂದವಳು, ನಿನ್ನಲ್ಲಿಗೆ ಬರುವುದಿಲ್ಲ” ಎಂದಳು ಅವಳು. “ಲಂಕಾದಲ್ಲಿ ಒಬ್ಬಳಿದ್ದಾಳಲ್ಲ, ನನ್ನ ಮಾತನ್ನೆಲ್ಲ ನಿನಗೆ ಬಿಡಿಸಿ ಹೇಳಿದವಳು. ಅವಳನ್ನೇ ಕರಿ. ಬಾಯಿ ಇದ್ದ ಹುಡುಗಿ ಇರಬೇಕು.”

ಗುರುಪ್ರಕಾಶರು ಕೇಳಿ ತಲೆಯ ಮೇಲೆ ಕೈಹೊತ್ತರು. ಮೇಷ್ಟರ ಹೆಂಡತಿ ಬಜಾರಿನ ಭೋಂಪಿನಲ್ಲಿ ಬಳೆ ಮಾರುವುದೇ ಎಂದರು. ವರ್ಷಿಣಿ, “ಮಾರೋದಲ್ಲ, ಬೈಯೋದು” ಎಂದಳು. ಅವಳು ಹೊಸ ಸೀರೆಯುಟ್ಟು ರಿಕ್ಷಾ ಹತ್ತಿ ಬಂದು, ಲಲ್ಲನ್‌ನ ಮೈಕಿನ ಮುಂದೆ ಕೂತಳು. ಬರೆದು ತಂದದ್ದನ್ನು ಓದತೊಡಗಿದಳು:

“ಆತ್ಮೀಯ ಯಾತ್ರಾರ್ಥಿಗಳೇ, ತಮಗೆಲ್ಲ ಹಾರ್ದಿಕ ಸ್ವಾಗತ. ಪ್ರಸ್ತುತ ಬಳೆಗಳ ಗುಣಮಟ್ಟದ ಕುರಿತು ಕೆಲವು ವಿಚಾರಗಳನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.”

ಭೋಂಪಿನ ಕೆಳಗಿದ್ದ ಕನ್ನಡದವರು ಒಬ್ಬೊಬ್ಬರೇ ನಡೆದುಬಿಟ್ಟರು. ಆಗ ರಸ್ತೆಯ ಈಚೆಯಿಂದ, ಕಾಶಿ ವಾಣಿಯ ಭೋಂಪುಗಳಿಂದ, ಶರಣಬಸಮ್ಮನ ದನಿ ಬಂತು.

“ಏ ಹುಡುಗಿ. ಹಂಗಲ್ಲವ್ವ. ಮನಿಯಾಗ ಮಾತಾಡಿದಂಗ ಮಾತಾಡು. ನಿನ್ನ ಹೆಸರೇನು?”

ಆಚೆ ಭೋಂಪುಗಳು ಸ್ವಲ್ಪ ಹೊತ್ತು ಗೊರಗೊರ ಎಂದವು. “ವರ್ಷಿಣಿ.”

“ಯಾವೂರು?”

“ದಾವಣಗೆರೆ. ತವರು ಹರಿಹರ.”

“ಮುಂಜಾನೆ ಏನ್ ಮಾಡಿದ್ದಿ?”

“ಉಪ್ಪಿಟ್ಟು. ದಿನಾ ಅದೇ. ರೊಟ್ಟಿ ತಿನ್ನಬೇಕು ಅನಿಸ್ತದೆ ಅಮ್ಮ, ಇಲ್ಲಿ ಒಳ್ಳೆ ಜೋಳದ ಹಿಟ್ಟೇ ಸಿಗಲ್ಲ. ಇವರಿಗೆ ಹೇಳಿದ್ರೆ ಗೋಧಿನೂ ಧಾನ್ಯನೇ ಅಂತಾರೆ.”

ಹೋಗುತ್ತಿದ್ದವರು ನಿಂತರು. ನಿಂತವರು ತಿರುಗಿದರು. ಓಂಕಾರ್ ಗಾಬರಿಯಿಂದ ಮೈಕಿನ ಗುಂಡಿಯ ಮೇಲೆ ಕೈಯಿಟ್ಟ. ಆದರೆ ತಾನು ಆರಿಸಿದರೆ ಈ ಜನವೆಲ್ಲ ಲಲ್ಲನ್‌ನ ಪಾಲಾಗುತ್ತದೆ. ಲಲ್ಲನ್ ಕೂಡ ಕಿಟಕಿಯಿಂದ ಅವನನ್ನೇ ನೋಡುತ್ತಿದ್ದ. ಅವನಿಗೂ ಅದೇ ಭಯ. ಇಬ್ಬರೂ ಕೈ ತೆಗೆದರು. ಹುಳಿ ಎಷ್ಟು ಹಾಕಬೇಕು, ಚಳಿಗೆ ಹಿಮ್ಮಡಿ ಒಡೆದರೆ ಏನು ಹಚ್ಚಬೇಕು, ಹರಿಹರದಲ್ಲಿ ಹೊಳೆ ತುಂಬಿದಾಗ ಹೇಗಿರುತ್ತದೆ ಎಂದು ಗೋದೌಲಿಯಾದ ಎರಡು ಬದಿಯ ಭೋಂಪುಗಳು ಒಂದಕ್ಕೊಂದು ಹೇಳಿಕೊಂಡವು. ಪಂಡಿತರು ಕಣ್ಣುಮುಚ್ಚಿ ಕೇಳಿದರು. ಬಳೆಯವನು ತನ್ನ ಹೆಸರು ಯಾವಾಗ ಬರುತ್ತದೆಂದು ಬಾಯಿ ತೆರೆದು ನಿಂತಿದ್ದ.

ಅಷ್ಟರಲ್ಲಿ ಜನರ ನಡುವಿನಿಂದ, ತಲೆಯ ಮೇಲೆ ಗಂಟು ಹೊತ್ತಿದ್ದ ಬಾಗಲಕೋಟೆಯ ಹೆಂಗಸೊಬ್ಬಳು ಮುಂದೆ ಬಂದು, ಗಂಗಾ ಧ್ವನಿಯ ಕಿಟಕಿಯ ಕೆಳಗೆ ನಿಂತು, ಭೋಂಪಿಲ್ಲದೆಯೇ ಕೂಗಿದಳು: “ಏ ತಂಗಿ, ಜ್ವಾಳದ ಹಿಟ್ಟು ನನ್ನ ಗಂಟಿನ್ಯಾಗ ಐತಿ. ದಾರಿಗೆ ಅಂತ ತಂದಿದ್ದು, ಇನ್ನೂ ಎರಡು ಸೇರು ಉಳದದ. ಇಳದು ಬಾ.”

ವರ್ಷಿಣಿ ಮೈಕು ಆರಿಸುವುದನ್ನೂ ಮರೆತು ಮೆಟ್ಟಿಲಿಳಿದು ಓಡಿದಳು. ಗಂಗಾ ಧ್ವನಿಯ ಭೋಂಪುಗಳಿಂದ ಬಹಳ ಹೊತ್ತು ಖಾಲಿ ಕುರ್ಚಿಯ ಮುಂದೆ ತಿರುಗುವ ಟೇಪಿನ ಸದ್ದಷ್ಟೇ ಬರುತ್ತಿತ್ತು. ಅವಳು ಮರಳಿ ಬಂದು ಮಾತು ಮುಂದುವರಿಸುತ್ತಾಳೆಂದು ಚೌಕದಲ್ಲಿ ಒಬ್ಬರೂ ಜಾಗ ಬಿಟ್ಟು ಕದಲಲಿಲ್ಲ.